ಮಧ್ಯಾಹ್ನ ಎರಡು ಗಂಟೆಯ ಅಂಕಿ

ಆ ಮಳೆಗಾಲದಲ್ಲಿ ನಮ್ಮ ಗಾಡಿಯೊಳಗೆ ಹಬ್ಬಿದ ಬೂಷ್ಟು ಇಮಾಮಸಾಬ ಮಿಸ್ತ್ರಿಯವರ ಕೆಲಸದಿಂದ ಬಂದದ್ದಲ್ಲ. ಅವರು ಕೂಡಿಸಿದ ಟಾಪು ಒಂದು ಹನಿಯೂ ಸೋರಿರಲಿಲ್ಲ. ಬೂಷ್ಟು ತಂದವಳು ನಾನು. ತೊಂಬತ್ತೊಂದು ಇದ್ದಲ್ಲಿ ಅರವತ್ನಾಲ್ಕು ಅಂತ ಬರೆದವಳೂ ನಾನು — ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ತಾರೀಖು ಹಾಕಿ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ನನ್ನ ಮೇಲೆ ಕನಿಕರ ಬರುವ ಜಾಗಗಳು ಒಂದೆರಡು ಇವೆ. ದಯವಿಟ್ಟು ಅಲ್ಲಿ ನಿಲ್ಲಬೇಡಿ. ನಾಲ್ಕು ವರ್ಷ ನಾನೇ ಅಲ್ಲಿ ನಿಂತುಕೊಂಡಿದ್ದೆ, ಆರಾಮಾಗಿ.

ನನ್ನ ಹೆಸರು ಪ್ರೇಮಲತಾ. ಉಣಕಲ್ ಕೆರೆಯ ಹಿಂದಿನ ಬಡಾವಣೆಯಲ್ಲಿ ನಮ್ಮ ಮನೆ. ನಾನು ಬರೆದಿಡುವ ಹೆಂಗಸು. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹಾಲಿನವನು ಬಾರದ ದಿನ, ಅತ್ತೆಯ ಬಿಪಿ ಗುಳಿಗೆ ಮುಗಿಯುವ ದಿನ, ಮಳೆ ಹಿಡಿದ ಹೊತ್ತು, ಬಿಟ್ಟ ಹೊತ್ತು — ಮದುವೆಯಾಗಿ ಬಂದ ವರ್ಷದಿಂದ ಎಲ್ಲ ಬರೆದಿದ್ದೇನೆ. ಮನೆಯಲ್ಲಿ ಏನೇ ವಾದ ಹುಟ್ಟಿದರೂ ನಮ್ಮ ಯಜಮಾನರು ಸುಧಾಕರ, "ಪ್ರೇಮಾನ ವಹಿ ನೋಡ್ರಿ" ಅಂದರೆ ಮುಗಿಯಿತು. ನನ್ನ ವಹಿಯ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಆ ಹೆಮ್ಮೆ ನನಗಿತ್ತು — ಈಗಲೂ ಇದೆ ಅಂತ ಕಾಣುತ್ತದೆ, ಇಲ್ಲವಾದರೆ ಇದನ್ನು ಬರೆಯುವ ಧೈರ್ಯ ಎಲ್ಲಿಂದ ಬರಬೇಕು.

ಯಜಮಾನರು ಪಾಲಿಟೆಕ್ನಿಕ್ಕಿನಲ್ಲಿ ಕಲಿಸುತ್ತಿದ್ದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗಲೇ ಯಾವುದೋ ಶಾಲೆಯ ಹಳೆಯ ಮಿನಿಬಸ್ಸು ಕೊಂಡರು. ಅದನ್ನು ಊರೂರು ತಿರುಗುವ ಮನೆ ಮಾಡಬೇಕು ಅನ್ನುವುದು ಅವರ ಹುಚ್ಚು. ಹಳೇ ಹುಬ್ಬಳ್ಳಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಇಮಾಮಸಾಬ ಮಿಸ್ತ್ರಿ ಆರು ತಿಂಗಳು ಕೂತು ಅದನ್ನು ಕಟ್ಟಿದರು. ಸೀಟು ಕಿತ್ತು, ಒಳಗೆಲ್ಲ ಪ್ಲೈವುಡ್ ಹೊಡೆದು, ಎರಡು ಮಂಚ, ಒಂದು ಒಲೆ ಕಟ್ಟೆ, ಟಾಪಿನಲ್ಲಿ ಗಾಳಿ ಆಡುವ ಒಂದು ಕಿಂಡಿ. ಕೆಳಗಿನ ಮಂಚ ಅತ್ತೆಗೆ ಅಂತಲೇ ತಗ್ಗಾಗಿ ಮಾಡಿಸಿದ್ದು. ಅತ್ತೆಗೆ ಇನ್ನೊಮ್ಮೆ ಕಾರವಾರದ ಸಮುದ್ರ ನೋಡುವ ಆಸೆ ಇತ್ತು.

ಗಾಡಿ ಕೈಗೆ ಕೊಡುವ ದಿನ ಮಿಸ್ತ್ರಿ ಕೀಲಿಯನ್ನು ಯಜಮಾನರಿಗೆ ಕೊಟ್ಟು, ಮಾತನ್ನು ನನಗೆ ಕೊಟ್ಟರು.

"ಅಕ್ಕಾರ, ಗಾಡಿ ಸರದು, ಒಳಗಿನ ಸಂಸಾರ ನಿಮ್ಮದು. ಒಂದ್ ಮಾತ ನೆನಪಿಡ್ರಿ. ಮಳಿ ಬಂದ್ರೂ ಮ್ಯಾಲಿನ ಕಿಂಡಿ ನಾಲ್ಕ ಬೆರಳ ತಗದಿಡ್ರಿ. ಗಾಡಿ ಉಸರಾಡಬೇಕ್ರಿ."

ಅದನ್ನೂ ಬರೆದುಕೊಂಡೆ. ಆ ಪುಟ ಈಗಲೂ ಇದೆ.

ಆ ಮೇ ತಿಂಗಳ ಕೊನೆಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅತ್ತೆ ಅಂದರೆ ಎಸ್ತರ್ ಟೀಚರ್ — ಧಾರವಾಡದಲ್ಲಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಮಲಗಿದಲ್ಲಿಂದಲೇ ಜಡೆ ಹೆಣೆಸಿಕೊಂಡು, ಭಾನುವಾರ ಮಾತ್ರ ಉಡುವ ಬಿಳಿ ಸೀರೆಯನ್ನು ಹೊದಿಕೆಯ ಮೇಲೆ ಹರವಿಸಿಕೊಂಡು, ಹಳೆಯ ವಿದ್ಯಾರ್ಥಿನಿಯರು ನೋಡಲು ಬಂದಾಗ ಅವರ ಕನ್ನಡ ತಿದ್ದುತ್ತಿದ್ದರು. ಜೂನಿನ ಎರಡನೆಯ ವಾರ ಒಂದು ಬೆಳಿಗ್ಗೆ ಅವರ ಹಾಸಿಗೆ ಒದ್ದೆಯಾಗಿತ್ತು. ಮರುದಿನವೂ.

ಅತ್ತೆ ಮಲಗುತ್ತಿದ್ದುದು ಕೌದಿಯ ಮೇಲೆ. ಅವರ ತಾಯಿ ಹೊಲಿದುಕೊಟ್ಟ ಎರಡು ಕೌದಿಗಳು, ಹಳೆಯ ಸೀರೆಗಳ ಏಳೆಂಟು ಪದರ. ರಬ್ಬರ್ ಶೀಟು ಹಾಸಲು ಹೋದರೆ ಬೆವರುತ್ತದೆ ಅಂತ ತೆಗೆಸಿದರು. ಡೈಪರ್ ತಂದೆ. "ನಾ ಏನ್ ಕೂಸೇನು?" ಅಂತ ಕಿತ್ತು ಒಗೆದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಮೆಲ್ಲಗೆ —

"ಪ್ರೇಮಾ, ಸುಧಾಕರಗ ಗೊತ್ತಾಗಬಾರದವ್ವಾ. ಮುನ್ನೂರು ಹುಡಿಗ್ಯಾರನ್ನ ಒಂದ ಕಣ್ಣಿನ್ಯಾಗ ಸಾಲ ನಿಲ್ಲಿಸಿದಾಕಿ ನಾನು."

ಕೌದಿಯ ಸಂಗತಿ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಕೌದಿಯನ್ನು ಯಾರೂ ದಿನಾ ಒಗೆಯುವುದಿಲ್ಲ. ವರ್ಷಕ್ಕೊಮ್ಮೆ ಬಿಸಿಲಿನ ದಿನ ನೋಡಿ, ಇಬ್ಬರು ಹಿಡಿದು ಹಿಂಡಿ, ಕಂಪೌಂಡಿನ ಗೋಡೆಯ ಮೇಲೆ ಹರವುತ್ತೇವೆ. ಜೂನು-ಜುಲೈನ ಮಳೆಯಲ್ಲಿ ಒಂದು ಮನೆಯ ಹಗ್ಗದ ಮೇಲೆ ದಿನಾ ಕೌದಿ ಕಂಡರೆ ಅದಕ್ಕೆ ಅರ್ಥ ಒಂದೇ. ಓಣಿಯ ಹೆಂಗಸರಿಗೆ ಎರಡನೆಯ ಸಲ ನೋಡುವುದೇ ಬೇಡ. ಮುಂದಿನ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ, "ಟೀಚರ್ ಹೆಂಗದಾರ್ರಿ?" ಅನ್ನುವ ದನಿಯೇ ಬೇರೆಯಾಗಿರುತ್ತದೆ.

ಹಾಗಾಗಿ ನಾನು ಕೌದಿಗಳನ್ನು ಗಾಡಿಯಲ್ಲಿ ಒಣಗಿಸತೊಡಗಿದೆ.

ಒಂಬತ್ತಕ್ಕೆ ಯಜಮಾನರು ಕಾಲೇಜಿಗೆ ಹೋದ ಮೇಲೆ ಬಚ್ಚಲಲ್ಲಿ ಕಾಲಿಂದ ತುಳಿದು ಒಗೆಯುತ್ತಿದ್ದೆ. ಒದ್ದೆ ಕೌದಿ ಎತ್ತಿದವರಿಗೆ ಗೊತ್ತು, ಒಬ್ಬ ಮನುಷ್ಯನನ್ನು ಎತ್ತಿದಷ್ಟು ಭಾರ. ಬಕೆಟ್ಟಿನಲ್ಲಿಟ್ಟು ಹಿತ್ತಲ ಬಾಗಿಲಿಂದ ತಗಡಿನ ಶೆಡ್ಡಿನಲ್ಲಿ ನಿಂತ ಗಾಡಿಗೆ ಒಯ್ದು, ಮೇಲಿನ ಮಂಚದಿಂದ ಎದುರಿನ ಕೊಕ್ಕೆಗೆ ಕಟ್ಟಿದ ಹಗ್ಗಕ್ಕೆ ಹಾಕಿ, ಟೇಬಲ್ ಫ್ಯಾನು ಹಚ್ಚಿ, ಕಿಟಕಿ, ಬಾಗಿಲು, ಮೇಲಿನ ಕಿಂಡಿ — ಎಲ್ಲ ಬಿಗಿಯಾಗಿ ಮುಚ್ಚುತ್ತಿದ್ದೆ. ಮಳೆ ಬಂದರೆ ಕಿಟಕಿ ಮುಚ್ಚು: ಹುಟ್ಟಿದಾಗಿನಿಂದ ಕಲಿತದ್ದು ಅದೇ. ಕೌದಿಯಿಂದ ಹೋದ ನೀರು ಎಲ್ಲಿಗೆ ಹೋಯಿತು ಅಂತ ನಾನು ಕೇಳಿಕೊಳ್ಳಲಿಲ್ಲ. ನಾಲ್ಕು ಗಂಟೆಗೆ ತೆಗೆದು, ಬಾಗಿಲು ಹಾರು ಹೊಡೆದು, ಯಜಮಾನರು ಬರುವಷ್ಟರಲ್ಲಿ ಹೊಸ ಗಾಳಿ ತುಂಬಿ ಮತ್ತೆ ಮುಚ್ಚಿಬಿಡುತ್ತಿದ್ದೆ. ಅತ್ತೆ ಆ ಗಾಡಿಯಲ್ಲಿ ಒಂದು ದಿನವೂ ಕೂಡಲಿಲ್ಲ. ಅವರ ಕೌದಿಗಳು ಮಾತ್ರ ದಿನಾ ಕೂತವು.

ಇಷ್ಟಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ನಾಳೆ ಅಂಥದೇ ದಿನ ಬಂದರೆ ಮತ್ತೆ ಕೌದಿ ಹೊತ್ತುಕೊಂಡು ಹೋಗುತ್ತೇನೆ. ಇಡೀ ಮಳೆಗಾಲ, ಒಂದೇ ಸೂರಿನ ಕೆಳಗೆ ಇದ್ದ ಯಜಮಾನರು, ತಮ್ಮ ತಾಯಿಯ ಹಾಸಿಗೆ ದಿನಾ ಮಡಿಯಾಗಿ ಹ್ಯಾಗಿರುತ್ತದೆ, ಅದು ಎಲ್ಲಿ ಒಣಗುತ್ತದೆ ಅಂತ ಒಮ್ಮೆಯೂ ಕೇಳಲಿಲ್ಲ. ಬಂದು ಹೋದ ಬಂಧುಗಳೂ ಕೇಳಲಿಲ್ಲ. ಕೇಳದವರು ಈಗ ನನಗೆ ಗಾಡಿ ಹಾಳು ಮಾಡಿದೆ ಅಂತ ಹೇಳುವಂತಿಲ್ಲ.

ತಪ್ಪು ಶುರುವಾದದ್ದು ಜುಲೈ ಮೊದಲ ವಾರದಿಂದ. ಯಜಮಾನರು ಗಡಿಯಾರದಂಥ ಒಂದು ಪುಟ್ಟ ಯಂತ್ರ ತಂದು ಗಾಡಿಯೊಳಗೆ ತೂಗುಹಾಕಿದರು. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಅದು ಅಂಕಿಯಲ್ಲಿ ತೋರಿಸುತ್ತದೆ. ಅರವತ್ತೈದರ ಒಳಗಿದ್ದರೆ ಬೂಷ್ಟಿನ ಭಯವಿಲ್ಲವಂತೆ.

"ದಿನಕ್ಕ ಮೂರು ಸಲ ಬರದಿಡು ಪ್ರೇಮಾ. ಮುಂಜಾನೆ ಏಳು, ಮಧ್ಯಾಹ್ನ ಎರಡು, ಸಂಜೀ ಆರು. ಬ್ಯಾರೇದವರು ಬರದ್ರ ನಾ ನಂಬೂದಿಲ್ಲ."

ಹಸಿರು ರಟ್ಟಿನ ಹೊಸ ವಹಿಯನ್ನೂ ತಂದುಕೊಟ್ಟರು.

ಮೊದಲ ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿದೆ. ಕೌದಿ ತೊಟ್ಟಿಕ್ಕುತ್ತಿತ್ತು. ಅಂಕಿ ತೊಂಬತ್ತೊಂದು. ಪೆನ್ನು ಹಿಡಿದುಕೊಂಡು ಅಲ್ಲೇ ಎಷ್ಟೋ ಹೊತ್ತು ನಿಂತೆ. ತೊಂಬತ್ತೊಂದು ಬರೆದರೆ ಅವರು ಯಾಕೆ ಅಂತ ಕೇಳುತ್ತಾರೆ. ವಹಿಯಲ್ಲಿ ಮಧ್ಯಾಹ್ನದ ಮನೆ ಖಾಲಿ ಬಿಟ್ಟರೂ ಕೇಳುತ್ತಾರೆ. ಅರವತ್ನಾಲ್ಕು ಅಂತ ಬರೆದೆ. ಹಾಗೆ ಬರೆದದ್ದಕ್ಕೆ ಸರಿಯಾಗಿ ಮುಂಜಾನೆಯದನ್ನೂ ಸಂಜೆಯದನ್ನೂ ಇಳಿಸಬೇಕಾಯಿತು — ಇಲ್ಲವಾದರೆ ಸುಳ್ಳು ಎದ್ದು ಕಾಣುತ್ತಿತ್ತು. ಯಂತ್ರವನ್ನು ಅವರು ತಾವಾಗಿ ನೋಡುತ್ತಿರಲಿಲ್ಲ, ನನ್ನ ವಹಿ ನೋಡಿದರೆ ಅವರಿಗೆ ಸಾಕಿತ್ತು. ಮೂರನೆಯ ದಿನದಿಂದ ಯೋಚಿಸದೆಯೇ ಬರೆದೆ.

ಆದರೆ ಒಂದು ವಿಚಿತ್ರ. ನಿಜವಾದ ಅಂಕಿಯನ್ನು ಎಲ್ಲೂ ಬರೆಯದೆ ಬಿಡಲು ನನ್ನಿಂದ ಆಗಲಿಲ್ಲ. ಅತ್ತೆಯ ಗುಳಿಗೆಯ ಲೆಕ್ಕ ಇಡಲು ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇತ್ತು. ಅದರ ಹಾಳೆಗಳ ಹಿಂಬದಿಗೆ, ಪೆನ್ಸಿಲ್ಲಿನಲ್ಲಿ, ಖರೇ ಅಂಕಿಗಳನ್ನು ಬರೆದಿಟ್ಟೆ. ತೊಂಬತ್ತೊಂದು. ಎಂಬತ್ತೆಂಟು. ತೊಂಬತ್ಮೂರು. ಯಾರಿಗಾಗಿ ಬರೆದೆ? ಗೊತ್ತಿಲ್ಲ. ಅಭ್ಯಾಸದ ಕೈ, ಅಷ್ಟೇ.

ಆಗಸ್ಟಿನಲ್ಲಿ ಬೂಷ್ಟು ಕಂಡಿತು. ಕೆಳಗಿನ ಮಂಚದ ಫೋಮಿನ ಅಡಿಯಲ್ಲಿ ಬೂದಿ ಉದುರಿದ ಹಾಗೆ, ಟಾಪಿನ ಮೂಲೆಗಳಲ್ಲಿ ಸಾಸಿವೆ ಒಗೆದ ಹಾಗೆ ಕರೀ ಚುಕ್ಕೆ. ಬಾಗಿಲು ತೆರೆದರೆ ಹಳೆಯ ಗೋಣಿಚೀಲದ ವಾಸನೆ. ಯಜಮಾನರು ಹಸಿರು ವಹಿ ತೆರೆದು, ಕನ್ನಡಕ ಏರಿಸಿ ಓದಿದರು. ಅವರ ತರ್ಕ ಅವರ ಮಟ್ಟಿಗೆ ಸರಿಯಾಗಿಯೇ ಇತ್ತು: ಗಾಳಿ ಒಣಗಿದೆ, ಆದರೂ ಬೂಷ್ಟು ಬಂದಿದೆ, ಅಂದಮೇಲೆ ನೀರು ಗಾಳಿಯಿಂದ ಬಂದದ್ದಲ್ಲ — ಟಾಪಿನಿಂದ ಇಳಿದದ್ದು. ಅಂದಮೇಲೆ ಮಿಸ್ತ್ರಿಯ ಕೆಲಸ ಕಚ್ಚಾ. ನನ್ನ ಅಂಕಿಗಳಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದ ಗೋಡೆ ಅದು.

ಗಾಡಿ ಹಳೇ ಹುಬ್ಬಳ್ಳಿಗೆ ಹೋಯಿತು. ನಾನೂ ಜೊತೆಗೆ ಹೋಗಿದ್ದೆ. ಮಿಸ್ತ್ರಿ ಪೈಪು ಹಿಡಿದು ಅರ್ಧ ತಾಸು ಟಾಪಿನ ಮೇಲೆ ನೀರು ಬಿಟ್ಟು, ಒಳಗೆ ಹೋಗಿ ಒಣ ಬಟ್ಟೆಯಿಂದ ಮೂಲೆ ಮೂಲೆ ಒರೆಸಿ, ಬಟ್ಟೆಯನ್ನು ಯಜಮಾನರ ಕೆನ್ನೆಗೆ ಹಿಡಿದರು.

"ನೋಡ್ರಿ ಸರ, ಹಸಿ ಐತೇನು? ನೀರ ಇಳದ್ರ ಗೆರಿ ಬೀಳತೈತಿ. ಚಾದ ಕಲಿ ಇದ್ದಂಗ ಇರತೈತಿ. ಎಲ್ಲೈತ್ರಿ ಗೆರಿ? ಇದು ಉಸರಿನ ಬೂಷ್ಟು. ಒಳಗ ಯಾರೋ ಉಸರು ಬಿಡಾಕತ್ತಾರ."

"ನಿಂತ ಗಾಡ್ಯಾಗ ಯಾರ್ ಉಸರು ಬಿಡ್ತಾರ ಮಿಸ್ತ್ರಿ? ದೆವ್ವ ಏನು?"

"ದೆವ್ವ ಆದ್ರೂ ಆಗವಲ್ದ್ಯಾಕ ಸರ, ನನ್ನ ಟಾಪು ಮಾತ್ರ ಸೋರೂದಿಲ್ಲ."

ಯಜಮಾನರು ವಹಿ ತೆರೆದು ತೋರಿಸಿದರು. ಮಿಸ್ತ್ರಿ ವಹಿಯನ್ನು ನೋಡಿದರು, ನನ್ನನ್ನು ನೋಡಿದರು. "ಅಕ್ಕಾರ ಬರದಾರ?" ಅಂತ ಕೇಳಿದರು. ನಾನು ಹೂಂ ಅಂದೆ. ಅವರು ವಹಿ ಮುಚ್ಚಿ ಕೊಟ್ಟರು. ತಮ್ಮ ಖರ್ಚಿನಲ್ಲೇ ಸಾಮಾನು ಹಾಕಿ ಟಾಪಿನ ಹೊಲಿಗೆಗಳನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸಿದರು. ಇಪ್ಪತ್ತು ದಿನಕ್ಕೆ ಬೂಷ್ಟು ಮತ್ತೆ ಬಂತು, ಯಾಕೆಂದರೆ ಗಾಡಿ ಮನೆಗೆ ಬಂದ ಮರುದಿನವೇ ನಾನು ಹಗ್ಗ ಕಟ್ಟಿದ್ದೆ. ಎರಡನೆಯ ಸಲ ಬಿಚ್ಚಿ ಕೂಡಿಸಿದರು. ಇಷ್ಟರಲ್ಲಿ ಯಜಮಾನರು, ಗಾಡಿ ಕಟ್ಟಿಸುವ ಹುಚ್ಚಿದ್ದವರೆಲ್ಲ ಕೂಡಿದ ಒಂದು ವಾಟ್ಸಾಪ್ ಗುಂಪಿನಲ್ಲಿ ಬೂಷ್ಟಿನ ಫೋಟೋ ಹಾಕಿ, ಮಿಸ್ತ್ರಿಯ ಹೆಸರು ಬರೆದು, ಎಚ್ಚರಿಕೆ ಅಂತ ಹಾಕಿದ್ದರು. ಕೆಳಗೆ ನನ್ನ ವಹಿಯ ಪುಟದ ಫೋಟೋ — ಸಾಕ್ಷಿಗೆ. ಗಾಡಿ ಕಟ್ಟಿಸಲು ಮಿಸ್ತ್ರಿಗೆ ಮಾತು ಕೊಟ್ಟಿದ್ದ ಇಬ್ಬರು ಆ ವಾರವೇ ಹಿಂದೆ ಸರಿದರು.

ಅದನ್ನು ಕೇಳಲು ಮಿಸ್ತ್ರಿ ನಮ್ಮ ಮನೆಗೆ ಬಂದರು. ಅಂಗಳದಲ್ಲೇ ನಿಂತರು, ಒಳಗೆ ಬರ್ರಿ ಅಂದರೂ ಬರಲಿಲ್ಲ.

"ನಲವತ್ತ ವರ್ಷ ಆತ್ರಿ ಸರ. ನಾ ಕಟ್ಟಿದ ಬಸ್ಸಿನ್ಯಾಗ ಮದಿವಿ ದಿಬ್ಬಣ ಹೋಗ್ಯಾವು, ಹೆಣಾನೂ ಹೋಗ್ಯಾವು. ಒಬ್ಬರೂ ತೊಯ್ಸಿಕೊಂಡಿಲ್ಲ. ನೀವು ನನ್ನ ಹೆಸರ ಮ್ಯಾಲ ನೀರ ಹಾಕಿದ್ರಿ."

"ನಾ ಸುಳ್ಳ ಹೇಳಿಲ್ಲ ಮಿಸ್ತ್ರಿ. ಅಂಕಿ ಸುಳ್ಳ ಹೇಳೂದಿಲ್ಲ."

ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗಿಂದ ಅತ್ತೆ ಕರೆದರು. ಅವರ ಕಿಟಕಿ ಅಂಗಳದ ಕಡೆಗೇ. ಎಲ್ಲ ಕೇಳಿಸಿಕೊಂಡಿದ್ದರು. ಅತ್ತೆಗೆ ಸೊಂಟ ಕೆಟ್ಟಿತ್ತೇ ಹೊರತು ತಲೆ ಕೆಟ್ಟಿರಲಿಲ್ಲ.

"ಕೌದಿ ಗಾಡ್ಯಾಗ ಒಣಾ ಹಾಕ್ತಿ ಏನು?"

ನಾನು ಅವರ ಹೊದಿಕೆ ಸರಿಮಾಡತೊಡಗಿದೆ.

"ಆ ಮನಷ್ಯಾನ ಹೆಸರು ಯಾಕ ಕೆಡಸ್ತೀರಿ? ಹೋಗು, ಈಗಿಂದೀಗ ಹೇಳು. ಮುದುಕಿ ಹಾಸಿಗ್ಯಾಗ ಮಾಡ್ಕೋತಾಳ, ಅದಕ್ಕ ಹಿಂಗಾತು ಅಂತ ಹೇಳಿಬಿಡು. ನಾ ಏನ್ ಅದಕ್ಕ ಸಾಯಂಗಿಲ್ಲ."

ಈ ಮಾತಿನ ಮೇಲೆ ನನ್ನ ಕನಿಕರದ ಜಾಗಗಳೆಲ್ಲ ಕುಸಿದು ಬೀಳುತ್ತವೆ. ಗುಟ್ಟು ಯಾರದೋ ಅವರೇ ಅದನ್ನು ಬಿಚ್ಚಿ ಕೈಗೆ ಕೊಟ್ಟಿದ್ದರು. ಅಂಗಳಕ್ಕೆ ಎಂಟು ಹೆಜ್ಜೆ. ಮಿಸ್ತ್ರಿ ಇನ್ನೂ ಅಲ್ಲೇ ಇದ್ದರು. "ಹೇಳತೇನಿ ಅತ್ತಿ" ಅಂದು ಹೊರಗೆ ಹೋದೆ.

ಹೋಗಿ — "ಚಾ ಮಾಡ್ಲಿ?" ಅಂತ ಕೇಳಿದೆ.

ಯಾಕೆ ಹೇಳಲಿಲ್ಲ? ಕೌದಿಯ ಸಂಗತಿ ಹೇಳಬಹುದಿತ್ತು. ಆದರೆ ಕೌದಿ ಹೊರಗೆ ಬಂದರೆ ವಹಿಯೂ ಹೊರಗೆ ಬರುತ್ತದೆ. ಪ್ರೇಮಲತಾ ಸುಳ್ಳು ಬರೆಯುತ್ತಾಳೆ ಅನ್ನುವುದು ಹೊರಗೆ ಬರುತ್ತದೆ. ಅತ್ತೆಯ ಮಾನ ಕಾಯುತ್ತಿದ್ದೇನೆ ಅಂತ ಮೂರು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೆನಲ್ಲ, ಆ ಗಳಿಗೆಯಿಂದ ನಾನು ಕಾಯ್ದದ್ದು ನನ್ನ ದುಂಡಗಿನ ಅಕ್ಷರವನ್ನು. ಅದಕ್ಕೆ ಮಿಸ್ತ್ರಿಯ ನಲವತ್ತು ವರ್ಷವನ್ನು ಕೊಟ್ಟೆ.

ಮರುದಿನ ಮುಂಜಾನೆ ಅತ್ತೆ ಕೇಳಿದರು, "ಹೇಳಿದಿ?"

"ಹೂಂ ಅತ್ತಿ, ಹೇಳಿದೆ."

ಇದು ಹಸಿರು ವಹಿಯ ಸುಳ್ಳಿಗಿಂತ ದೊಡ್ಡದು ಅಂತ ಆಗ ತಿಳಿಯಲಿಲ್ಲ. ಆವತ್ತಿನಿಂದ ಅತ್ತೆ ಮಗನಿಗೆ ಎಲ್ಲ ಗೊತ್ತಾಗಿದೆ ಅಂತಲೇ ನಂಬಿದರು. ಮಗ ಕೋಣೆಗೆ ಬಂದರೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದರು. ಮಗ ಹಣೆಗೆ ಕೈ ಇಟ್ಟರೆ ಕಣ್ಣು ಮುಚ್ಚುತ್ತಿದ್ದರು. ಯಜಮಾನರು ಒಂದು ದಿನ ಅಡುಗೆಮನೆಗೆ ಬಂದು, "ಅವ್ವ ನನ್ನ ಮ್ಯಾಲ ಸಿಟ್ಟಾಗ್ಯಾಳೇನು? ಮಾರೀನ ತೋರಸವಲ್ಲಳು" ಅಂದರು. "ವಯಸ್ಸಾತಲ್ರಿ" ಅಂದೆ. ಆರು ತಿಂಗಳು ಒಬ್ಬ ತಾಯಿ ಮಗನ ಮುಂದೆ ಇಲ್ಲದ ನಾಚಿಕೆ ಪಟ್ಟಳು, ಒಬ್ಬ ಮಗ ಇಲ್ಲದ ಸಿಟ್ಟಿಗೆ ಹೆದರಿದ. ನಡುವೆ ನಾನು ಗಂಜಿ ಕಾಯಿಸುತ್ತ ಓಡಾಡುತ್ತಿದ್ದೆ.

ಇನ್ನು ಯಂತ್ರದ ಮಾತು. ಬೂಷ್ಟು ಬಿಡದಿದ್ದಾಗ ಯಜಮಾನರು ತೇವ ಹೀರುವ ಯಂತ್ರ ತರುವುದೆಂದು ತೀರ್ಮಾನಿಸಿದರು. ಫೋನಿನಲ್ಲಿ ನೋಡಿ ನೋಡಿ ಹಾಳೆಯ ಮೇಲೆ ಪಟ್ಟಿ ಮಾಡಿದರು. ಉಪ್ಪಿನಂಥ ಹರಳು ತುಂಬಿದ ಡಬ್ಬಿಗಳಿವೆ, ಬೀರುವಿಗೆ ಸಾಕು, ಗಾಡಿಗೆ ಸಾಲವು. ಬ್ಯಾಟರಿಯ ಮೇಲೆ ನಡೆಯುವ ಅಂಗೈಯಷ್ಟು ಯಂತ್ರಗಳಿವೆ, ದಿನಕ್ಕೆ ಒಂದು ಲೋಟ ನೀರು ತೆಗೆದರೆ ಹೆಚ್ಚು. ಚಳಿ ದೇಶದವರು ಬಳಸುವ, ಬಿಸಿ ಗಾಳಿ ಬಿಡುವ ಹಗುರಾದ ಬಗೆ ಒಂದು. ಫ್ರಿಜ್ಜಿನ ಹಾಗೆ ಒಳಗೆ ಕಂಪ್ರೆಸರ್ ಇರುವ ಬಗೆ ಇನ್ನೊಂದು — ಭಾರ, ಗುಂಯ್ ಅನ್ನುವ ಸದ್ದು, ಆದರೆ ನಮ್ಮ ಹವೆಗೆ ಅದೇ ಸರಿ. ಮನೆಯಿಂದ ವೈರು ಎಳೆದು ಹಚ್ಚಬಹುದು. ಅದರಲ್ಲಿ ಎರಡು ಉಳಿದವು. ಒಂದಕ್ಕೆ ಮುಂದೆ ಗಾಜಿನಂಥ ಡಬ್ಬಿ, ಎಷ್ಟು ಲೀಟರು ನೀರು ಸೇರಿತು ಅಂತ ಗೆರೆ ಹಾಕಿದ್ದು. ಇನ್ನೊಂದರಲ್ಲಿ ಹಿಂದಿನಿಂದ ನಳಿಗೆ ಹೊರಗೆ ಬಿಡಬಹುದು, ನೀರು ತಾನೇ ಹರಿದು ಹೋಗುತ್ತದೆ.

ಮಿಸ್ತ್ರಿಯನ್ನೂ ಕೇಳಿದರು. ಜಗಳ ಆಗಿದ್ದರೂ ಗಾಡಿಯ ಮೈ ಬಲ್ಲವರು ಅವರೊಬ್ಬರೇ. ಫೋನಿನ ಸ್ಪೀಕರಿನಲ್ಲಿ ಅವರ ದನಿ ನಮ್ಮ ಊಟದ ಟೇಬಲ್ಲಿನ ಮೇಲೆ ಬಂತು.

"ಸರ, ನನ್ನ ಮಾತ ನಂಬಬ್ಯಾಡ್ರಿ. ಡಬ್ಬಿ ಇರೂದ ತಗೋರಿ. ಮಳಿ ಬಂದ ದಿನ ಎಷ್ಟ ತುಂಬಿತು, ಮಳಿ ಬರದ ದಿನ ಎಷ್ಟ ತುಂಬಿತು, ಅಕ್ಕಾರ ಬರದಿಡ್ಲಿ. ಹದಿನೈದ ದಿನ ಅಷ್ಟ. ಟಾಪು ಸೋರತಿದ್ರ ಮಳಿ ಇಲ್ಲದ ದಿನ ಡಬ್ಬಿ ಖಾಲಿ ಇರಬೇಕಲ್ರಿ? ಅಕ್ಕಾರ ಏನ್ ಬರೀತಾರ, ನಾ ಒಪ್ಪತೇನಿ."

ಅವರಿಗೆ ಉಳಿದಿದ್ದ ಒಂದೇ ದಾರಿ ಅದು. ಆ ಡಬ್ಬಿ ಮಳೆ ಇದ್ದರೂ ಇಲ್ಲದಿದ್ದರೂ ದಿನಾ ತುಂಬುತ್ತಿತ್ತು — ಒಂದು ಕೌದಿಯಷ್ಟು. ನಾನು ಬೇಳೆ ಆರಿಸುತ್ತ, ತಲೆ ಎತ್ತದೆ ಅಂದೆ:

"ಡಬ್ಬಿ ತುಂಬಿದ್ರ ಮಷೀನ್ ತಾನ ನಿಂತ ಬಿಡತದಂತಲ್ರಿ. ನಾವು ಊರಾಗ ಇಲ್ಲದಾಗ ಯಾರ್ ಚೆಲ್ಲವ್ರು? ನಳಿಗಿ ಇರೂದ ಛಲೋ."

"ಖರೇ ಅದ" ಅಂದರು ಯಜಮಾನರು. ನನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಯಾವ ಅಂಗಡಿಯವನೂ ಅದನ್ನೇ ಹೇಳುತ್ತಿದ್ದ.

ನಳಿಗೆಗೆ ಗಾಡಿಯ ನೆಲದಲ್ಲಿ ತೂತು ಬೇಕಿತ್ತು. ಅದನ್ನು ಕೊರೆಯಲು ಬಂದವರೂ ಇಮಾಮಸಾಬರೇ. ಮೊಣಕಾಲೂರಿ ಕೂತು ಕೊರೆದು, ಅಂಚಿಗೆ ರಬ್ಬರು ಕೂಡಿಸಿ, ಹುಳ ಬಾರದ ಹಾಗೆ ಜಾಳಿಗೆ ಹಾಕಿದರು. ಅರ್ಧ ತಾಸಿನ ಕೆಲಸ, ಅದನ್ನೂ ಅಚ್ಚುಕಟ್ಟಾಗಿ. ಎದ್ದು ಕೈ ಒರೆಸಿಕೊಳ್ಳುತ್ತ, "ಡಬ್ಬೀದು ತಗೋಬೇಕಾಗಿತ್ರಿ ಅಕ್ಕಾರ. ನಿಮ್ಮ ವಹಿ ಮ್ಯಾಲ ನನಗ ಭರೋಸಾ ಇತ್ತು" ಅಂದರು. ನನ್ನ ಸುಳ್ಳು ಹರಿದುಹೋಗುವ ದಾರಿಯನ್ನು ನಾನು ಅವರ ಕೈಯಿಂದಲೇ ಕೊರೆಯಿಸಿದ್ದೆ.

ಯಂತ್ರ ಚೆನ್ನಾಗಿ ನಡೆಯಿತು. ಅದರ ಗಾಳಿಗೆ ಕೌದಿಗಳೂ ಮಧ್ಯಾಹ್ನ ಮೂರಕ್ಕೇ ಗರಿಗರಿ ಒಣಗುತ್ತಿದ್ದವು. ಬೂಷ್ಟು ನಿಂತಿತು. ನೀರು ಗಾಡಿಯ ಕೆಳಗಿನ ಮಣ್ಣಿಗೆ ಇಳಿದು ಅಲ್ಲಿ ಹಸಿರು ಪಾಚಿ ಕಟ್ಟಿತು. ಅಷ್ಟು ನೀರು ಎಲ್ಲಿಂದ ಅಂತ ಯಾರೂ ಕೇಳಲಿಲ್ಲ. ಗುಂಪಿನಲ್ಲಿ ಯಜಮಾನರು, ಎರಡು ಸಲ ಬಿಚ್ಚಿ ಕೂಡಿಸಿದ ಮೇಲೆ, ಯಂತ್ರ ತಂದ ಮೇಲೆ ಅಂತೂ ಸರಿಹೋಯಿತು ಅಂತ ಬರೆದರು. ಮಿಸ್ತ್ರಿಯ ಹೆಸರು ಅಲ್ಲಿ ಹಾಗೆಯೇ ಉಳಿಯಿತು. ಫೆಬ್ರುವರಿಯಲ್ಲಿ ಅತ್ತೆ ತೀರಿಕೊಂಡರು, ಗೋಡೆಯ ಕಡೆಗೆ ಮುಖ ಮಾಡಿ. ಆಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ದೇವಾಲಯದಲ್ಲಿ ಪಾಪನಿವೇದನೆಯನ್ನು ಎಲ್ಲರೂ ಕೂಡಿ ಒಂದೇ ದನಿಯಲ್ಲಿ ಓದುತ್ತೇವೆ. ನೂರು ದನಿಗಳ ನಡುವೆ ನನ್ನ ದನಿ ಆರಾಮಾಗಿ ಅಡಗುತ್ತಿತ್ತು. ಪ್ರತಿ ಭಾನುವಾರ ಓದಿದೆ, ಪ್ರತಿ ಭಾನುವಾರ ಮನೆಗೆ ಬಂದು ಕೋಳಿ ಸಾರು ಮಾಡಿದೆ.

ಈ ಮಳೆಗಾಲ ಯಜಮಾನರು ನಿವೃತ್ತರಾಗಿ ಮನೆಯಲ್ಲಿದ್ದಾರೆ. ಜುಲೈನಲ್ಲಿ, ಒಬ್ಬ ರಿಪೇರಿಯವನಿಂದ ಯಂತ್ರ ಬಿಚ್ಚಿಸಿ ತೊಳೆಸಿದ ಮರುವಾರ, ನಳಿಗೆ ಸೀಳಿತು. ಹೊಸದು ತರುವವರೆಗೆ ಅಂತ ಕೆಳಗೆ ಬಕೆಟ್ಟು ಇಟ್ಟು, ಯಂತ್ರವನ್ನು ಇಡೀ ದಿನ ನಡೆಸಿ ನೋಡಿದರು. ಸಂಜೆಗೆ ಬಕೆಟ್ಟಿನಲ್ಲಿ ಎರಡು ಬೆರಳು ನೀರು. ಹೊರಗೆ ಎಡೆಬಿಡದ ಮಳೆ.

"ಮಷೀನ್ ಕೆಟ್ಟದ ಪ್ರೇಮಾ. ಆ ವರ್ಷ ಕೆಳಗ ಕಾಲುವಿ ಹರದಂಗ ಹರೀತಿತ್ತು. ಆ ರಿಪೇರಿಯಂವ ಹ್ವಾದ ವಾರ ಬಿಚ್ಚಿ ಏನೋ ಮಾಡ್ಯಾನ. ಅವಗ ಬಿಡೂದಿಲ್ಲ ನಾನು."

ಮತ್ತೊಬ್ಬ. ಮತ್ತೊಬ್ಬ ಮನುಷ್ಯನ ಹೆಸರು ನನ್ನ ಬಾಯಿ ಮುಚ್ಚಿದ್ದರಿಂದ ಕೆಡಲು ಸಾಲಿನಲ್ಲಿ ನಿಂತಿತ್ತು.

ಅಡುಗೆಮನೆಗೆ ಹೋಗಿ, ಪೆಟ್ಟಿಗೆಯಿಂದ ಕ್ಯಾಲೆಂಡರಿನ ಹಾಳೆಗಳನ್ನು ತಂದು ಹಸಿರು ವಹಿಯ ಪಕ್ಕದಲ್ಲಿಟ್ಟೆ. "ಮಷೀನ್ ನೆಟ್ಟಗ ಅದ್ರಿ. ಈಗ ಕೌದಿ ಇಲ್ಲ, ಅದಕ್ಕ ನೀರಿಲ್ಲ"  ಅಂತ ಶುರು ಮಾಡಿ ಎಲ್ಲ ಹೇಳಿದೆ. ಅವರು ಎರಡೂ ಕಡೆಯ ಅಂಕಿಗಳನ್ನು ಬೆರಳಿಟ್ಟು ಓದಿದರು. ಬೈಯಲಿಲ್ಲ. ಕನ್ನಡಕ ತೆಗೆದು, "ಅಂದ್ರ ಅವ್ವ ಗ್ವಾಡಿ ಕಡೆ ಮಾರಿ ಮಾಡ್ತಿದ್ದದ್ದು…" ಅಂದು ನಿಲ್ಲಿಸಿದರು. ನಾನು ಹೌದು ಅಂದೆ. ಅವರು ಎದ್ದು ಹೋಗಿ ಕೆರೆಯ ಕಡೆಗೆ ನಡೆದುಬಂದರು. ತೊಯ್ದುಕೊಂಡು ಬಂದರು.

ಮರುದಿನ ಅಂದರು, "ಮಿಸ್ತ್ರಿಗೆ ನಾ ಹೇಳತೇನಿ. ಟಾಪಿಂದು ನಂದ ತಪ್ಪು ಅಂತ ಅಷ್ಟ ಹೇಳಿದ್ರ ಸಾಕು. ಅವ್ವನ ಸುದ್ದಿ, ನಿನ್ನ ವಹಿ ಸುದ್ದಿ ಮಂದಿಗೆ ಯಾಕ?"

"ಅವ್ವನ ಸುದ್ದಿ ಹೇಳಂತ ಅವ್ವಾರ ಖುದ್ದ ಹೇಳ್ಯಾರ್ರಿ. ವಹಿ ನಂದು."

ಬಂಧುಗಳು ಇದನ್ನು ಓದಿ ಏನೆನ್ನುತ್ತಾರೋ ಅನ್ನಲಿ. ಸತ್ತವರ ಹಾಸಿಗೆಯ ಮಾತು ಬೀದಿಗೆ ತಂದಳು ಅಂತಾರೆ. ಅವರು ಬದುಕಿದ್ದಾಗ ಆ ಹಾಸಿಗೆ ಮುಟ್ಟಿದವಳು ನಾನೊಬ್ಬಳೇ. ಅತ್ತೆಯ ಮಾನ ಒದ್ದೆ ಕೌದಿಯಿಂದ ಹೋಗುವಂಥದಾಗಿರಲಿಲ್ಲ. ಹೋಗುವಂಥದು ಅಂತ ನಾವಿಬ್ಬರೂ ತಿಳಿದಿದ್ದೆವು, ಅವರು ಲಗೂ ತಿದ್ದಿಕೊಂಡರು. ಹೆಡ್‌ಮಿಸ್ಟ್ರೆಸ್ ಅಲ್ಲವೇ.

ಕಳೆದ ಬುಧವಾರ ಬಸ್ಸು ಹಿಡಿದು ಹಳೇ ಹುಬ್ಬಳ್ಳಿಗೆ ಒಬ್ಬಳೇ ಹೋದೆ. ಇಮಾಮಸಾಬರು ಈಗ ಬಸ್ಸು ಕಟ್ಟುವುದಿಲ್ಲ. ಅದೇ ಜಾಗದ ಮುಂದಿನ ಅರ್ಧದಲ್ಲಿ ಕೂತು ಆಟೋಗಳ ಹುಡ್ ಹೊಲಿಯುತ್ತಾರೆ. ನೋಡಿದೊಡನೆ ಗುರುತು ಹಿಡಿದರು. "ಬರ್ರಿ ಅಕ್ಕಾರ, ಗಾಡಿ ಮತ್ತ ಸೋರಿತೇನ್ರಿ?" ಅಂದರು. ಎದುರಿನ ಟೈರ್ ಅಂಗಡಿಯವರು ನಕ್ಕರು. ನಾಲ್ಕು ವರ್ಷದ ಮೇಲೂ ಆ ಮಾತು ಅಲ್ಲಿ ನಗೆಯಾಗಿ ಉಳಿದಿತ್ತು.

ಸ್ಟೂಲಿನ ಮೇಲೆ ಕೂಡಲಿಲ್ಲ. ನಿಂತೇ ಹೇಳಿದೆ. ಕೌದಿ, ಹಗ್ಗ, ಮುಚ್ಚಿದ ಕಿಂಡಿ, ಅಂಗಳದ ಎಂಟು ಹೆಜ್ಜೆ, ನಳಿಗೆ. ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅದನ್ನು ಕೇಳಿದರೆ ಅವರು ಕೊಡಬೇಕಾಗುತ್ತದೆ. ಅವರಿಂದ ಇನ್ನೊಂದು ಏನನ್ನಾದರೂ ಪುಕ್ಕಟೆ ಇಸಿದುಕೊಳ್ಳಲು ನಾನು ಹೋಗಿರಲಿಲ್ಲ. ಹಸಿರು ವಹಿಯನ್ನೂ ಕ್ಯಾಲೆಂಡರಿನ ಹಾಳೆಗಳನ್ನೂ ಅವರ ಹೊಲಿಗೆಯ ಹಲಗೆಯ ಮೇಲಿಟ್ಟೆ. ಆ ವಾಟ್ಸಾಪ್ ಗುಂಪಿನಲ್ಲೂ ಎರಡರ ಫೋಟೋ ಹಾಕಿದ್ದೇನೆ, ನನ್ನ ಹೆಸರಿನಿಂದ, ಅಂದೆ.

ಅವರು ಹಾಳೆ ಎತ್ತಿ ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದರು. ಪೆನ್ಸಿಲ್ಲಿನ ಅಕ್ಷರ ಮಾಸಿತ್ತು. ಹಿಂದಕ್ಕೆ ಕೊಟ್ಟರು.

"ಕಣ್ಣಿನ ಚಾಳೀಸ ಮನ್ಯಾಗ ಬಿಟ್ಟ ಬಂದೇನ್ರಿ. ನೀವ ಓದ್ರಿ."

ಓದತೊಡಗಿದೆ. ಜುಲೈ, ಮಧ್ಯಾಹ್ನ ಎರಡು ಗಂಟೆ: ವಹಿಯಲ್ಲಿ ಅರವತ್ನಾಲ್ಕು, ಖರೇ ತೊಂಬತ್ತೊಂದು. ಮರುದಿನ: ವಹಿಯಲ್ಲಿ ಅರವತ್ಮೂರು, ಖರೇ ಎಂಬತ್ತೆಂಟು. ಪಕ್ಕದ ಅಂಗಡಿಯಲ್ಲಿ ಯಾರೋ ಕಬ್ಬಿಣ ಉಜ್ಜುತ್ತಿದ್ದರು. ಇಮಾಮಸಾಬರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ನನ್ನ ಮುಖ ನೋಡಲಿಲ್ಲ, ಬೀದಿಯ ಕಡೆ ನೋಡುತ್ತಿದ್ದರು.

"ಇನ್ನಷ್ಟ ಜೋರಾಗಿ ಓದ್ರಿ ಅಕ್ಕಾರ" ಅಂದರು. "ಎದರಿನವರಿಗೆ ಕೇಳಸವಲ್ದು."

ನಾನು ಬಾಗಿಲ ಕಡೆಗೆ ತಿರುಗಿ ನಿಂತು, ಮೊದಲ ತಾರೀಖಿನಿಂದ ಮತ್ತೆ ಶುರು ಮಾಡಿದೆ.